ಈಲಿಯ ಶ್ರುತಿಗೆ ಇಳಿದ ಊರು

ಸಹೃದಯರೂ ವಿವೇಕಿಗಳೂ ಆದ ವಾಚಕ ಮಹಾಶಯರ ಸನ್ನಿಧಿಯಲ್ಲಿ ಈ ಅಲೆಮಾರಿಯ ವಿನಮ್ರ ಅರಿಕೆ. ನಾನು ಶಾಲೆಯ ಮೆಟ್ಟಿಲನ್ನು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ನನ್ನ ವಿದ್ಯೆಯೆಲ್ಲವೂ ಬಸ್ ನಿಲ್ದಾಣಗಳ ತಳ್ಳುಗಾಡಿಗಳಲ್ಲಿ ಶೇಂಗಾದ ಬೆಲೆಗೆ ದೊರೆಯುವ ಪತ್ತೇದಾರಿ ಕಾದಂಬರಿಗಳಿಂದ ಪ್ರಾಪ್ತವಾದದ್ದು. ಅವುಗಳಲ್ಲಿ ಬಹುಪಾಲಿಗೆ ಕೊನೆಯ ಹಾಳೆಗಳಿರುತ್ತಿರಲಿಲ್ಲ. ಶೇಂಗಾ ಕಟ್ಟಿಕೊಡಲೆಂದು ಗಾಡಿಯವನೇ ಹರಿದಿರುತ್ತಿದ್ದ. ಆದಕಾರಣ ಕೊಲೆಗಾರನಾರೆಂಬುದನ್ನು ನಾನು ಒಮ್ಮೆಯೂ ತಿಳಿದವನಲ್ಲ. ಅನುಮಾನಿಸುವ ವಿದ್ಯೆಯಲ್ಲಿ ಮಾತ್ರ ಪಾರಂಗತನಾದೆ. ಅಂಥ ಅರೆಬರೆ ಪಂಡಿತನೊಬ್ಬನು ಒಂದು ಊರಿನಲ್ಲಿ ಹೇಗೆ ಸ್ವತಃ ಅಪರಾಧಿಯಾದನೆಂಬುದನ್ನು ತಾವು ಸಾವಧಾನದಿಂದ ಆಲಿಸಬೇಕೆಂದು ಕೈಮುಗಿದು ಬೇಡುತ್ತೇನೆ.

ಆ ಊರಿಗೆ ನನ್ನನ್ನು ಕರೆತಂದದ್ದು ಹಸಿವು. ಬೀದಿಯ ಮೊದಲ ಖಾನಾವಳಿಗೇ ನುಗ್ಗಿ, ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದು ಬಟ್ಟಲು ಮಜ್ಜಿಗೆಯನ್ನು ಮುಗಿಸಿ ಕೈತೊಳೆದೆ. ಸುತ್ತ ಕುಳಿತು ಉಂಡವರ ಬಲಪಕ್ಕೆಗಳಿಂದ ಅಷ್ಟರಲ್ಲಾಗಲೇ ಗುಂಯ್ ಎಂಬ ನಾದ ಹೊರಟಿತ್ತು. ಅಲ್ಲಿಯ ಜನರ ಈಲಿ, ಅಂದರೆ ಪುಸ್ತಕದವರು ಯಕೃತ್ತೆಂದೂ ಡಾಕ್ಟರರು ಲಿವರ್ ಎಂದೂ ಕರೆಯುವ ಅಂಗವು, ಉಂಡೊಡನೆ ಹಾಡುತ್ತದೆ. ಒಬ್ಬರದು ತಂಬೂರಿಯ ತಂತಿಯಂತೆ, ಒಬ್ಬರದು ಜೇನ್ನೊಣದಂತೆ, ಮಕ್ಕಳದು ಸೊಳ್ಳೆಯಂತೆ. ನನ್ನದು ಮಾತ್ರ ಸುಮ್ಮನಿತ್ತು. ಖಾನಾವಳಿಯ ಒಡತಿ ಸಾಂವಕ್ಕ ಸೌಟು ಹಿಡಿದುಕೊಂಡೇ ನನ್ನೆದುರು ಬಂದು ನಿಂತಳು.

"ಯಾಕೋ ತಮ್ಮಾ, ಉಂಡಿಯೋ ಇಲ್ಲೋ? ಸಪ್ಪಳನ ಇಲ್ಲಲ್ಲ."

"ಉಂಡೆನಲ್ಲ ಅಕ್ಕಾ. ನಾಲ್ಕು ರೊಟ್ಟಿ."

"ನಾಕು ರೊಟ್ಟಿ ತಿಂದು ಹಿಂಗ ಗುಮ್ಮನಂಗ ಕುಂತೈತಿ ಅಂದ್ರ ಎಂಥಾ ಹೊಟ್ಟಿನೋ ಅದು! ಏನ್ರಿ, ಇಲ್ಲಿ ಬರ್ರಿ. ಈ ಪರದೇಶಿ ಈಲಿ ಮೂಕೈತಿ ನೋಡ್ರಿ."

ಅವಳ ಗಂಡ ಭರಮಣ್ಣ ಎದ್ದು ಬಂದು, ನನ್ನ ಪಕ್ಕೆಗೆ ಕಿವಿಯಿಟ್ಟು, ಸತ್ತವರ ಮನೆಯಲ್ಲಿ ತಲೆಯಾಡಿಸುವಂತೆ ತಲೆಯಾಡಿಸಿದ. ಸಾಂವಕ್ಕನ ಕಣ್ಣು ತುಂಬಿತು. "ಇದು ಒಮ್ಮೆರ ಹಾಡೋತನಕ ನೀ ಇಲ್ಲಿಂದ ಹೋಗಬ್ಯಾಡ. ಎರಡೂ ಹೊತ್ತು ಉಣ್ಣು, ಬಡಿಸೂ ಕೆಲಸ ಮಾಡು. ಮೂಕ ಹೊಟ್ಟಿ ಕಟಗೊಂಡು ಹೋಗ ಅಂತ ಕಳಿಸಿದ್ರ ನನಗ ಪಾಪ ಬರತೈತಿ," ಎಂದಳು. ಹೀಗೆ ನಾನು ಆ ಮನೆಯ ಬಡಿಸುವವನಾದೆ. ಕ್ಯಾನಿನಿಂದ ನೀರು ಬಗ್ಗಿಸುವುದು, ಮೇಜಿನ ಮೇಲಿನ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸನ್ನು ಒರೆಸುವುದು, ಕುದಿಯುವ ಸಾರನ್ನು ತೆಳು ಚೀಲಗಳಿಗೆ ಸುರಿದು ದಾರ ಕಟ್ಟಿ ಕೊಡುವುದು, ಮೆತ್ತನೆಯ ಪೈಪಿನಿಂದ ಹಂಡೆ ತುಂಬಿಸುವುದು, ಬಿಸಿ ಅನ್ನವನ್ನು ಡಬ್ಬಿಗಳಿಗೆ ಒತ್ತುವುದು, ಇವೆಲ್ಲವೂ ನನ್ನ ಪಾಲಿಗೆ ಬಂದವು.

ಭರಮಣ್ಣನ ಈಲಿ ಸಾಮಾನ್ಯವಾದದ್ದಲ್ಲವೆಂಬುದು ಅದೇ ಸಂಜೆ ತಿಳಿಯಿತು. ಅವನು ಊಟ ಮುಗಿಸಿ ಗೋಡೆಗೊರಗುತ್ತಿದ್ದಂತೆ ಬೀದಿಯ ಮಾತು ನಿಂತಿತು. ಎದುರು ಮನೆಯ ನಿಂಗಯ್ಯನವರು ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮುಂದೆಳೆದುಕೊಂಡು, ಅವನ ಪಕ್ಕೆಯ ನಾದಕ್ಕೆ ಸರಿಹೊಂದುವ ಮನೆಯನ್ನು, ಅಂದರೆ ಸ್ವರದ ಪಟ್ಟಿಯನ್ನು, ಬೆರಳಿನಿಂದ ಹುಡುಕಿ ಹಿಡಿದರು. ಅದೇ ಊರಿನ ಶ್ರುತಿ. ಭಜನೆ ಅದಕ್ಕೇ, ಮದುವೆಯ ವಾಲಗ ಅದಕ್ಕೇ, ಮುಂಜಾನೆ ಹಾಲು ಮಾರುವವಳ ಕೂಗೂ ಅದಕ್ಕೇ. ನಿಂಗಯ್ಯನವರು ಊರಿನ ನ್ಯಾಯಕಟ್ಟೆಯ ಹಿರಿಯರೂ ಆಗಿದ್ದುದರಿಂದ ಶ್ರುತಿಯೂ ತೀರ್ಪೂ ಒಂದೇ ಬೆರಳಿನಿಂದ ಹೊರಡುತ್ತಿದ್ದವು.

ಆದರೆ ಆ ಶ್ರುತಿ ಇಳಿಯುತ್ತಿತ್ತು. ಭರಮಣ್ಣನ ಕಣ್ಣಿನ ಬಿಳುಪು ಅರಿಶಿನಕ್ಕೆ ತಿರುಗಿತ್ತು, ಪಾದಗಳು ಬಾತಿದ್ದವು, ಅಂಗೈ ತುರಿಸಿ ತುರಿಸಿ ಕೆಂಪಾಗಿತ್ತು. ಈಲಿಯ ನಾದ ಒಂದು ಮನೆ ಇಳಿದಾಗ ನಿಂಗಯ್ಯನವರ ಬೆರಳು ಎಡಕ್ಕೆ ಒಂದು ಮನೆ ಸರಿಯಿತು, ಊರೂ ಸರಿಯಿತು. ಭಜನೆಯವರು ಕೋಣಗಳಂತೆ ಗುರುಗುಟ್ಟತೊಡಗಿದರು. ಹಾಲಿನವಳ ಕೂಗು ಪಾತಾಳದಿಂದ ಬಂದಂತಾಗಿ ಎಮ್ಮೆಗಳೇ ಬೆಚ್ಚಿದವು. ಶಾಲೆಯ ಮಕ್ಕಳು ಮಗ್ಗಿಯನ್ನು ಮುದುಕರ ದನಿಯಲ್ಲಿ ಒಪ್ಪಿಸಿದರು. ಈಲಿ ಸುಸ್ಥಿತಿಯಲ್ಲಿದ್ದವರದೇ ಏರುದನಿಯೆನಿಸಿತು. ನೇಕಾರರ ಮನೆಯ ಹುಡುಗಿಯೊಬ್ಬಳಿಗೆ, "ಹೊಟ್ಟಿ ಭಾಳ ಮ್ಯಾಲ ಹಾಡತೈತಿ, ಸಂಸಾರಕ್ಕ ಹೊಂದೂದಿಲ್ಲ," ಎಂದು ಸಂಬಂಧವೇ ತಪ್ಪಿಹೋಯಿತು. ಶ್ರುತಿ ಇಳಿಯುತ್ತಿದೆಯೆಂದು ಹೇಳಿದವರು ಯಾರೂ ಇಲ್ಲ. ಶ್ರುತಿಯೊಡನೆ ಎಲ್ಲರೂ ಇಳಿಯುತ್ತಿದ್ದರಾದ್ದರಿಂದ ಅಳೆಯುವುದಕ್ಕೆ ಕೋಲೇ ಇರಲಿಲ್ಲ. ಸಾಂವಕ್ಕನೊಬ್ಬಳಿಗೆ ಗೊತ್ತಿತ್ತು, ಏಕೆಂದರೆ ಮಲಗುವಾಗ ಅವಳ ಕಿವಿ ಆ ಪಕ್ಕೆಯ ಮೇಲಿರುತ್ತಿತ್ತು.

ಅವಳು ಡಾಕ್ಟರ್ ಇಂದುಮತಿಬಾಯಿಯವರನ್ನು ಕರೆಸಿದಳು. ಅವರು ಭರಮಣ್ಣನ ಹೊಟ್ಟೆಯನ್ನು ಒತ್ತಿ, ಕಣ್ಣರೆಪ್ಪೆ ಎಳೆದು ನೋಡಿ, "ಕುಡೀತೀರೇನು?" ಎಂದು ಕೇಳಿದರು.

"ಮಜ್ಜಿಗಿ ಕುಡೀತೀನ್ರಿ," ಎಂದ ಭರಮಣ್ಣ.

ಡಾಕ್ಟರಬಾಯಿ ಅಡುಗೆಮನೆಗೆ ಹೋಗಿ ಒಂದೊಂದು ವಸ್ತುವನ್ನೂ ಎತ್ತಿ ಮೂಸಿ ನೋಡಿದರು. "ಸಾಂವಕ್ಕಾ, ಈ ಪೈಪು ಮೆತ್ತಗಾಗಲಿ ಅಂತ ಒಂದು ಮದ್ದು ಹಾಕಿರ್ತಾರ. ಈ ಕ್ಯಾನು ಗಟ್ಟಿಯಾಗಲಿ ಅಂತ ಇನ್ನೊಂದು. ಮೇಜಿನ ಹಾಸಿನಾಗ ಮತ್ತೊಂದು. ಬಿಸಿ ತಾಗಿದಾಗೆಲ್ಲ ಚೂರುಚೂರು ಊಟಕ್ಕ ಇಳೀತಾವು. ಒಂದೊಂದನ್ನ ತಗೊಂಡ್ರ ಅಳತಿ ಮೀರಿಲ್ಲ. ಆದ್ರ ಎಲ್ಲಾ ಕೂಡಿ ಒಂದ ಈಲಿ ಮ್ಯಾಲೆ ಬಿದ್ದಾವ. ನಿನ್ನ ಖಾನಾವಳ್ಯಾಗ ತಾಟು ತೊಳಿಯೋಕಿ ಒಬ್ಬಾಕಿ. ಐದು ಮದವಿ ದಿಬ್ಬಣ ಒಮ್ಮೆಲೆ ಬಂದು ಕುಂತ್ರ ಏನ್ ಮಾಡ್ತಾಳ?"

"ತಾಟು ಒಗದು ಓಡಿ ಹೋಗ್ತಾಳ್ರಿ."

"ನಿನ್ನ ಗಂಡನ ಈಲಿ ಓಡೂದಕ್ಕ ಚಪ್ಪಲಿ ಮೆಟ್ಟೇತಿ. ಇವನ್ನೆಲ್ಲಾ ಮನಿಯಿಂದ ಹೊರಗ ಹಾಕಿದ್ರ ತಿರುಗಿ ಬರತೈತಿ. ಈಲಿ ಭಾಳ ಸೈರಣಿ ಇರೋ ಅಂಗ. ಭಾರ ಇಳಿಸಿದ್ರ ತಾನ ಬೆಳೀತೈತಿ. ಇಳಿಸದಿದ್ರ ಮುಂದಿನ ಮಳಿಗಾಲ ಇವ್ರು ನೋಡೂದಿಲ್ಲ."

ಹೊರಗೆ ಹಾಕುವುದು ಮಾತಿಗೆ ಸುಲಭ. ಆ ಊರಿನಲ್ಲಿ ಮನೆಯ ಉಪ್ಪು ಮುಟ್ಟಿದ ಯಾವ ವಸ್ತುವನ್ನೂ ಕಟ್ಟೆಯ ತೀರ್ಪಿಲ್ಲದೆ ಹೊರಹಾಕುವಂತಿರಲಿಲ್ಲ. ಸವೆದ ಪೊರಕೆಯೂ ವಿಚಾರಣೆಯ ನಂತರವೇ ತಿಪ್ಪೆ ಸೇರಬೇಕು. ಕಟ್ಟೆಯ ಮೇಲೆ ಒಂದು ಸಲಕ್ಕೆ ಒಬ್ಬನೇ ಆರೋಪಿ ನಿಲ್ಲಬೇಕು, ಮತ್ತು ಅಪರಾಧವನ್ನು ಅವನೊಬ್ಬನೇ ಮಾಡಿರಬೇಕು. ನಾನು ಬಂದ ಹೊಸದರಲ್ಲಿ ಇಬ್ಬರು ಹಾಡಹಗಲೇ ಒಂದು ಮಂಚ ಹೊತ್ತೊಯ್ದಿದ್ದರು. ಮೊದಲನೆಯವನನ್ನು ಕಟ್ಟೆಗೆ ತಂದು, "ಈ ಮಂಚ ಒಬ್ಬನ ಎತ್ತಿಯೇನು?" ಎಂದು ಕೇಳಿದರು. ಎತ್ತಲಾರೆನೆಂದ, ಖುಲಾಸೆ. ಎರಡನೆಯವನೂ ಎತ್ತಲಾರೆನೆಂದ, ಖುಲಾಸೆ. ಮಂಚವನ್ನು ಯಾರೂ ಕದ್ದಿಲ್ಲವೆಂದು ತೀರ್ಪಾಯಿತು. ಮಂಚದ ಒಡೆಯ ಚಾಪೆಯ ಮೇಲೆ ಮಲಗುವುದನ್ನು ಅಭ್ಯಾಸ ಮಾಡಿಕೊಂಡು, ಬೆನ್ನುನೋವು ವಾಸಿಯಾಯಿತೆಂದು ಎಲ್ಲರಿಗೂ ಹೇಳುತ್ತಿದ್ದ.

ಸಾಂವಕ್ಕ ಮೊದಲು ಸಾರಿನ ಚೀಲದ ಮೇಲೆ ದೂರು ಕೊಟ್ಟಳು. ಕಟ್ಟೆಯ ಮೇಲೆ ಚೀಲವನ್ನು ಮಣೆಯ ಮೇಲೆ ಕೂರಿಸಿದರು. ಗಾಳಿಗೆ ಹಾರದಂತೆ ಅದರೊಳಗೊಂದು ನಿಂಬೆಹಣ್ಣು ಇಟ್ಟಿದ್ದರು. ನಿಂಗಯ್ಯನವರು ಡಾಕ್ಟರಬಾಯಿಯತ್ತ ತಿರುಗಿ, "ಭರಮಣ್ಣನ ಈಲಿ ಕೆಡಿಸಿದ್ದು ಈ ಚೀಲ ಒಂದನ ಏನ್ರಿ?" ಎಂದರು.

"ಇದೊಂದ ಅಲ್ರಿ ಅಜ್ಜಾರ, ಇದರ ಕೂಡ—"

"ಕೂಡ ಅನ್ನೂ ಮಾತು ಕಟ್ಟಿ ಕೆಳಗ ಆಡ್ರಿ. ಒಂದನ ಹೌದೋ ಅಲ್ಲೋ?"

"ಅಲ್ರಿ."

ಪರೀಕ್ಷೆಗೆಂದು ಭರಮಣ್ಣನಿಗೆ ಆ ಚೀಲವೊಂದರಿಂದಲೇ ಸಾರು ಬಡಿಸಿ, ಉಳಿದದ್ದನ್ನೆಲ್ಲ ಎಲೆಯಲ್ಲೂ ಮಣ್ಣಿನ ಗಡಿಗೆಯಲ್ಲೂ ಕೊಟ್ಟರು. ನಾದ ಕದಲಲಿಲ್ಲ. ಚೀಲಕ್ಕೆ ಕುಂಕುಮವಿಟ್ಟು ಖುಲಾಸೆ ಮಾಡಿದರು. ಇನ್ನು ಆ ಊರಿನ ಮಾನನಷ್ಟದ ಪದ್ಧತಿ ಹೀಗಿತ್ತು: ಸುಳ್ಳು ಆರೋಪ ಹೊರಿಸಿದವರು ಖುಲಾಸೆಯಾದವರನ್ನು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ದು, ಅಂಥದ್ದೇ ಇನ್ನೊಂದನ್ನು ಜೋಡಿಯಾಗಿ ತಂದು, ಪ್ರತಿ ಊಟದಲ್ಲಿಯೂ ಮರ್ಯಾದೆಯಿಂದ ಬಳಸಬೇಕು. ಸಾಂವಕ್ಕನ ಮನೆಗೆ ಎರಡು ಬಗೆಯ ಚೀಲಗಳು ಬಂದವು. ಅವಳು ಕ್ಯಾನಿನ ಮೇಲೆ ದೂರು ಕೊಟ್ಟಳು, ಎರಡು ಕ್ಯಾನುಗಳಾದವು. ಪೈಪಿನ ಮೇಲೆ ಕೊಟ್ಟಳು. ಹಿತ್ತಿಲಲ್ಲಿ ಎರಡು ಪೈಪುಗಳು ಹಾವುಗಳಂತೆ ಸುತ್ತಿಕೊಂಡು ಮಲಗಿದವು. ಡಬ್ಬಿ, ಮೇಜಿನ ಹಾಸು, ಎಲ್ಲವೂ ಹಾರ ಹಾಕಿಸಿಕೊಂಡು ಜೋಡಿಜೋಡಿಯಾಗಿ ಮರಳಿದವು. ಊಟಕ್ಕೆ ಬಂದವರು, "ಸಾಂವಕ್ಕನ ಮನಿ ಅಂದ್ರ ಖುಲಾಸಿ ಆದವರ ಮನಿ, ಒಂದೂ ಕಳಂಕ ಇಲ್ಲ," ಎಂದು ಹೊಗಳಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ಭರಮಣ್ಣನ ನಾದ ಇಳಿಯುತ್ತಲೇ ಇತ್ತು. ನಿಂಗಯ್ಯನವರ ಬೆರಳು ಪೆಟ್ಟಿಗೆಯ ಎಡತುದಿಯನ್ನು ಸಮೀಪಿಸಿತ್ತು.

ಒಂದು ಮುಂಜಾನೆ ಬಚ್ಚಲ ಕಲ್ಲಿನ ಬಳಿ ತಾಟುಗಳನ್ನು ತಿಕ್ಕುತ್ತಿದ್ದ ಸಾಂವಕ್ಕ ತಲೆಯೆತ್ತದೆ ಹೇಳಿದಳು. "ತಮ್ಮಾ, ನಾಳಿ ನನ್ನ ಮ್ಯಾಲೆ ನಾನ ದೂರು ಕೊಡತೀನಿ."

"ಇದೇನು ಮಾತಕ್ಕಾ?"

"ಮಾಡಿ ನೀಡಿದಾಕಿ ನಾ ಒಬ್ಬಾಕಿ. ಅಪರಾಧಿ ಅಂದ್ರ ಊರ ಬಿಡಸ್ತಾರ, ಅವನ ಕೈಯಾಗಿದ್ದ ಆಯುಧ ಎಲ್ಲಾ ಅವನ ತಲಿ ಮ್ಯಾಲೆ ಹೊರಸಿ ಕಳಸ್ತಾರ. ಚೀಲ, ಕ್ಯಾನು, ಪೈಪು ಎಲ್ಲಾ ನನ್ನ ಸಂಗಟ ಹೋಗತಾವು. ಇವರು ಉಳೀತಾರ."

"ನೀನಿಲ್ಲದೆ ಉಳಿದು ಭರಮಣ್ಣ ಏನು ಮಾಡಬೇಕು?"

"ಉಸಿರಾಡ್ಲಿ. ಅಷ್ಟಾದ್ರ ಸಾಕು."

ವಾಚಕ ಮಹಾಶಯರೇ, ನಾನು ಓದಿದ ಯಾವ ಕಾದಂಬರಿಯಲ್ಲಿಯೂ ಪತ್ತೇದಾರನು ಬಚ್ಚಲ ಕಲ್ಲಿನ ಮೇಲೆ ಕುಳಿತು ಅಪರಾಧಿಯನ್ನು ಕಂಡುಹಿಡಿದದ್ದಿಲ್ಲ. ನನಗೆ ಮಾತ್ರ ಅಲ್ಲಿಯೇ ಹೊಳೆಯಿತು. ಅಡುಗೆ ಮಾಡುವವಳು ಅವಳಾದರೂ ಅವಳ ಪಾತ್ರೆಗಳು ಹಿತ್ತಾಳೆಯವು. ಚೀಲ ಕಟ್ಟಿದ್ದು, ಕ್ಯಾನು ಬಗ್ಗಿಸಿದ್ದು, ಪೈಪು ಹಿಡಿದದ್ದು, ಡಬ್ಬಿಗೆ ಒತ್ತಿದ್ದು, ಹಾಸು ಒರೆಸಿದ್ದು, ಇವೆಲ್ಲವನ್ನೂ ಮಾಡಿದ ಕೈ ಒಂದೇ. ಆ ಕೈ ಈಗ ನನ್ನ ಮೊಣಕಾಲ ಮೇಲಿತ್ತು.

"ಅಕ್ಕಾ, ನನ್ನ ಮೇಲೆ ದೂರು ಕೊಡು," ಎಂದೆ.

ಅವಳು ಸೋಸುವ ಜರಡಿಯನ್ನೇ ನನ್ನತ್ತ ಎಸೆದಳು. "ನನ್ನ ಮನಿ ಉಪ್ಪು ತಿಂದಾಂವನ ಮ್ಯಾಲೆ ನಾ ಸುಳ್ಳು ದೂರು ಕೊಡ್ಲಿ? ಇನ್ನೂ ನಿನ್ನ ಈಲಿ ಹಾಡಿಲ್ಲ. ಹಾಡಸದ ಹೊರಗ ಅಟ್ಟಲಿ?"

"ಅಲೆಯುವವನಿಗೆ ಊರು ಬಿಡುವುದು ಶಿಕ್ಷೆಯಲ್ಲ ಅಕ್ಕಾ, ಅಭ್ಯಾಸ."

"ಮತ್ತ ನೀ ಖುಲಾಸಿ ಆದ್ರ? ಸಾಯೋತನಕ ನಿನ್ನ ಮನ್ಯಾಗ ಇಟಗೊಂಡು ಮೂರು ಹೊತ್ತು ಮರ್ಯಾದಿ ಮಾಡಬೇಕಲ್ಲೋ ಮಾರಾಯಾ!"

ಈ ಮಾತಿಗೆ ನಾನು ಕಲ್ಲಿನಿಂದ ಎದ್ದುಬಿಟ್ಟೆ. ಒಂದೇ ಸೂರಿನ ಕೆಳಗೆ ಸಾಯುವತನಕ ಇರುವುದೆಂಬ ಯೋಚನೆಯನ್ನು ನಾನು ಎಂದೂ ಮಾಡಿದವನಲ್ಲ. ಅಷ್ಟರಲ್ಲಿ ಒಳಗಿನಿಂದ, ಗೋಡೆ ಹಿಡಿದು ಬಂದು ನಿಂತಿದ್ದ ಭರಮಣ್ಣನ ದನಿ ಕೇಳಿಸಿತು. "ಅಷ್ಟ ಅಲ್ಲೇ ಹುಚ್ಚಿ. ಜೋಡಿ ತರಬೇಕಲ್ಲ, ಇಂಥಾ ಪರದೇಶಿ ಇನ್ನೊಬ್ಬನ್ನ ಎಲ್ಲಿಂದ ತರ್ತಿ?" ಅವನು ನಗಲು ಹೋಗಿ, ಪಕ್ಕೆ ಹಿಡಿದುಕೊಂಡು ಅಲ್ಲಿಯೇ ಕುಸಿದು ಕುಳಿತ. ಸಾಂವಕ್ಕ ಅವನ ಬಾತ ಪಾದಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಕಟ್ಟೆಯ ಕಡೆಗೆ ಹೊರಟಳು.

ವಿಚಾರಣೆಯ ದಿನ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ, ಹಾರದಂತೆ ಕೈಯಲ್ಲಿ ನಿಂಬೆಹಣ್ಣು ಕೊಟ್ಟರು. ನಿಂಗಯ್ಯನವರು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಎಂದಿನ ಪ್ರಶ್ನೆ ಕೇಳಿದರು. "ಭರಮಣ್ಣನ ಈಲಿ ಕೆಡಿಸಿದ್ದು ಇವ ಒಬ್ಬನ ಏನ್ರಿ?"

ಡಾಕ್ಟರಬಾಯಿ ನನ್ನನ್ನು ದೀರ್ಘವಾಗಿ ನೋಡಿದರು. ನಾನು ಕಣ್ಣು ಮಿಟುಕಿಸಿದೆ. ಕಾದಂಬರಿಗಳಲ್ಲಿ ಹೀಗೆಯೇ ಮಾಡುತ್ತಾರೆ. ಅವರು ನಿಂಗಯ್ಯನವರತ್ತ ತಿರುಗಿ, "ಕೈ ಒಂದ ಐತ್ರಿ ಅಜ್ಜಾರ. ಈ ಕೈ ಕುದಿಯೂ ಸಾರು ಚೀಲಕ್ಕ ಹಾಕತೈತಿ, ಈ ಕೈ ಬಿಸಿಲಿಗೆ ಕಾದ ಕ್ಯಾನಿನ ನೀರು ಬಗ್ಗಸತೈತಿ, ಈ ಕೈ ಪೈಪು ಹಿಡಿತೈತಿ, ಬಿಸಿ ಅನ್ನ ಡಬ್ಬಿಗೆ ಒತ್ತತೈತಿ. ಎಲ್ಲಾ ತಂದು ಒಂದ ತಾಟಿಗೆ, ಒಬ್ಬನ ಹೊಟ್ಟಿಗೆ ಹಾಕಿದ್ದು ಈ ಕೈ," ಎಂದರು. ಇಷ್ಟು ದಿನ ಕಟ್ಟೆಯ ಕೆಳಗೆ ಆಡಬೇಕಾಗಿದ್ದ ಆ ಮಾತನ್ನು ಅವರು ಒಂದೇ ಉಸಿರಿನಲ್ಲಿ ಕಟ್ಟೆಯ ಮೇಲೆ ಆಡಿ ಮುಗಿಸಿದರು.

"ಬಡಸಲಿ," ಎಂದರು ನಿಂಗಯ್ಯನವರು.

ನಾನು ಬಡಿಸಿದೆ. ಹಾಸನ್ನು ಹಾಸಿ ಒರೆಸಿದೆ, ಎರಡೂ ಚೀಲಗಳ ಗಂಟು ಬಿಚ್ಚಿದೆ, ಎರಡೂ ಕ್ಯಾನುಗಳಿಂದ ನೀರು ಕೊಟ್ಟೆ, ಡಬ್ಬಿಯ ಅನ್ನವನ್ನು ತಟ್ಟಿ ಬೀಳಿಸಿದೆ. ಭರಮಣ್ಣ ನನ್ನ ಮುಖವನ್ನೇ ನೋಡುತ್ತ, ಅಳಿಯನ ಮನೆಯಲ್ಲಿ ಉಣ್ಣುವ ಮಾವನಂತೆ ಗಂಭೀರವಾಗಿ ಉಂಡ. ಅವನು ಕೈತೊಳೆದು ಒರಗಿದ. ಪಕ್ಕೆಯಿಂದ ನಾದ ಹೊರಟಿತು. ನಿಂಗಯ್ಯನವರು ತಿದಿ ಒತ್ತಿ ನಿನ್ನೆಯ ಮನೆಯನ್ನು ಹಿಡಿದರು. ಹೊಂದಲಿಲ್ಲ. ಎಡಕ್ಕೆ ಸರಿದರು. ಹೊಂದಲಿಲ್ಲ. ಪೆಟ್ಟಿಗೆಯ ಕಟ್ಟಕಡೆಯ ಮನೆಯನ್ನು ಒತ್ತಿದರು. ನಾದ ಅದಕ್ಕಿಂತಲೂ ಕೆಳಗಿತ್ತು. ಅವರ ಬೆರಳು ಅಭ್ಯಾಸಬಲದಿಂದ ಇನ್ನೂ ಎಡಕ್ಕೆ ಹೋಗಿ ಮರಕ್ಕೆ ತಗುಲಿತು.

ತಿದಿ ನಿಂತಿತು. ಜೊತೆಗೆ ಏನೂ ಇಲ್ಲದೆ ಭರಮಣ್ಣನ ಈಲಿಯೊಂದೇ ಹಾಡುವುದನ್ನು ಊರು ಅಂದು ಮೊದಲ ಬಾರಿಗೆ ಕೇಳಿತು. ಅದು ಹಾಡಾಗಿರಲಿಲ್ಲ. ಕೆಸರಿನಲ್ಲಿ ಸಿಕ್ಕಿಕೊಂಡ ಗಾಲಿಯೊಂದರ ನರಳಾಟವಾಗಿತ್ತು. ಭಜನೆಯವರೊಬ್ಬರು ಬಾಯಿಗೆ ಶಲ್ಯ ಒತ್ತಿಕೊಂಡರು. ಹಾಲಿನವಳು, "ಅಯ್ಯೋ ಯಪ್ಪಾ, ನಾವು ದಿನಾ ಇದನ್ನ ಹಾಡತಿದ್ವೇನು?" ಎಂದು ಗಟ್ಟಿಯಾಗಿಯೇ ಕೇಳಿದಳು.

"ಇದರ ಕೆಳಗ ಮನಿ ಇಲ್ಲಪಾ," ಎಂದು ನಿಂಗಯ್ಯನವರು ಪೆಟ್ಟಿಗೆಗೇ ಹೇಳುವಂತೆ ಹೇಳಿದರು. ಆಮೇಲೆ ನನ್ನತ್ತ ಬೆರಳು ತೋರಿದರು. "ಅಪರಾಧಿ."

ಖುಲಾಸೆಯಾಗಲಿಲ್ಲವೆಂಬ ಆನಂದದಿಂದ ನಾನು ಮಣೆಯ ಮೇಲೆಯೇ ಕುಪ್ಪಳಿಸಿಬಿಟ್ಟೆ. ಇದನ್ನು ಜನರು ನನ್ನ ಕಲ್ಲುಹೃದಯಕ್ಕೆ ಸಾಕ್ಷಿಯೆಂದು ಬಗೆದರು. "ಚೀಲ ಪಾಪದ್ದು, ಕ್ಯಾನು ಪಾಪದ್ದು, ಈ ಕೈ ಕೆಡಿಸ್ತು," ಎಂದು ಒಬ್ಬ ಕೂಗಿದ. ಅಲ್ಲಿಯೇ ಹೊಸ ಕಟ್ಟಳೆಯೊಂದೂ ಹೊರಟಿತು: ಇನ್ನು ಮುಂದೆ ಯಾವ ಮನೆಯಲ್ಲಿಯೂ ಒಂದೇ ಕೈ ಎಲ್ಲವನ್ನೂ ಬಡಿಸಕೂಡದು. ಚೀಲ ಬಿಚ್ಚುವವರು ಒಬ್ಬರು, ಕ್ಯಾನು ಬಗ್ಗಿಸುವವರು ಇನ್ನೊಬ್ಬರು, ಡಬ್ಬಿ ತಟ್ಟುವವರು ಮತ್ತೊಬ್ಬರು. ಹೀಗಾದರೆ ಯಾರ ಕೈಗೂ ದೋಷ ತಗುಲದು. ಡಾಕ್ಟರಬಾಯಿ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಳಿತರು. ಊರಿನವರು ಮಾತ್ರ ನಿರಾಳವಾಗಿ, ಯಾರ ಮನೆಯಲ್ಲಿ ಯಾರು ಏನು ಬಡಿಸಬೇಕೆಂಬ ಲೆಕ್ಕಾಚಾರದಲ್ಲಿ ತೊಡಗಿ ಮನೆಗಳಿಗೆ ಹೋದರು.

ಆಯುಧಗಳನ್ನೆಲ್ಲ ದೊಡ್ಡದೊಂದು ಗಂಟು ಕಟ್ಟಿ ನನ್ನ ಮುಂದಿಟ್ಟರು. ಅಪರಾಧಿಯೊಡನೆ ಮಾತನಾಡುವುದು ನಿಷಿದ್ಧವಾದ್ದರಿಂದ ಸಾಂವಕ್ಕ ನನಗೆ ಬೆನ್ನು ಮಾಡಿ ನಿಂತು ಒರಳುಕಲ್ಲಿಗೆ ಹೇಳಿದಳು. "ಏ ಒರಳ, ಹೋಗೋರಿಗೆ ಹೇಳು, ಖಡಕ್ ರೊಟ್ಟಿ ಅರಿವ್ಯಾಗ ಕಟ್ಟೇನಿ, ಚೀಲದಾಗ ಅಲ್ಲ. ಚಟ್ನಿಪುಡಿ ಎಲಿಯಾಗ ಐತಿ. ಹಾದ್ಯಾಗ ಹೊಟ್ಟಿ ಹಾಡಿದ್ರ ನೆನೀಲಿ ಅಂತ ಹೇಳು." ನಾನೂ ಒರಳಿಗೇ, "ಹೇಳಿದ್ದು ಕೇಳಿಸಿತಂತೆ," ಎಂದೆ. ಭರಮಣ್ಣ ಜಗುಲಿಯಲ್ಲಿ ಮುತ್ತುಗದ ಎಲೆಗಳನ್ನು ಜೋಡಿಸಿ ಕಡ್ಡಿ ಚುಚ್ಚುತ್ತ ಕುಳಿತಿದ್ದ. ತಲೆಯೆತ್ತಲಿಲ್ಲ, ನಾನು ಹೊಸ್ತಿಲು ದಾಟುವಾಗ ಕಡ್ಡಿ ತಪ್ಪಿ ಬೆರಳಿಗೆ ಚುಚ್ಚಿಕೊಂಡ.

ಊರಿನ ಗಡಿಕಲ್ಲಿನ ಆಚೆ ಒಂದು ಹುಣಸೆಮರವಿದೆ. ಅದರ ಕೆಳಗೆ ಗಂಟನ್ನಿಳಿಸಿ ನಾನು ಬೀಡುಬಿಟ್ಟೆ. ಜೀವಮಾನದಲ್ಲಿ ಒಮ್ಮೆಯಾದರೂ ಕೊನೆಯ ಹಾಳೆಯನ್ನು ಓದಬೇಕೆಂಬ ಹಟ ನನಗೆ ಬಂದಿತ್ತು. ಗಾಳಿ ಆ ಕಡೆಯಿಂದ ಬೀಸುವಾಗ ಸಂಜೆಯ ಭಜನೆ ಕೇಳಿಸುತ್ತಿತ್ತು. ಮೊದಲ ಸಂಜೆ ಪೆಟ್ಟಿಗೆಯ ದನಿಯೇ ಇರಲಿಲ್ಲ, ಬರಿಯ ತಾಳ. ಹಾಗೆಯೇ ಕೆಲವು ಸಂಜೆಗಳು ಕಳೆದವು. ರೊಟ್ಟಿ ಮುಗಿಯುತ್ತ ಬಂತು. ನನ್ನ ಕಾಲುಗಳು ತಾವಾಗಿಯೇ ದಾರಿಯತ್ತ ತಿರುಗುತ್ತಿದ್ದವು. ನಾನು ಅವುಗಳನ್ನು ಮಡಿಸಿ, ಅವುಗಳ ಮೇಲೆಯೇ ಕುಳಿತೆ.

ಆಮೇಲೊಂದು ಸಂಜೆ ಎಡತುದಿಯ ಆ ಕೊನೆಯ ಮನೆ ದನಿಯೆತ್ತಿತು. ಅದು ನಿಂತಿತು. ಮುದಿ ಬೆರಳೊಂದು ತಡಕಾಡುತ್ತಿರುವುದು ಅಷ್ಟು ದೂರದಿಂದಲೂ ನನಗೆ ಕಂಡಂತಾಯಿತು. ಬಹಳ ಹೊತ್ತಿನ ಮೇಲೆ ಪೆಟ್ಟಿಗೆ ಮತ್ತೆ ಹಾಡಿತು, ಬಲಕ್ಕೆ ಒಂದು ಮನೆ ಸರಿದು. ಭಜನೆಯವರು ಆ ಏರಿಗೆ ದನಿ ಸಾಲದೆ ಕೆಮ್ಮಿದರು, ಮತ್ತೆ ಹಿಡಿದರು. ಸಾಂವಕ್ಕನ ಕಿವಿ ಅಂದು ರಾತ್ರಿ ಆ ಪಕ್ಕೆಯ ಮೇಲಿರುತ್ತದೆಂದು ನೆನೆದು ನಾನು ಕೊನೆಯ ರೊಟ್ಟಿಯನ್ನು ಮುರಿದು, ಚಟ್ನಿಪುಡಿ ಒತ್ತಿಕೊಂಡು, ಅವಸರವಿಲ್ಲದೆ ಉಂಡೆ.

ಉಂಡು ಕೈ ಒರೆಸಿಕೊಳ್ಳುವಾಗ ಹತ್ತಿರದಲ್ಲೆಲ್ಲೋ ಗುಂಯ್ ಎಂದಿತು. ಗಂಟಿನೊಳಗೆ ದುಂಬಿ ಹೊಕ್ಕಿರಬೇಕೆಂದು ಬಿಚ್ಚಿ ಕೊಡವಿದೆ. ದುಂಬಿಯಿರಲಿಲ್ಲ. ಅಂಗಿ ಎತ್ತಿ ಬಲಪಕ್ಕೆಯ ಮೇಲೆ ಅಂಗೈ ಇಟ್ಟೆ, ಅಂಗೈ ನಡುಗಿತು. ಕೆಸರಿನ ಗಾಲಿಯ ಆ ದನಿಯೇ, ಪೆಟ್ಟಿಗೆಯ ಕಟ್ಟಕಡೆಯ ಮನೆಗಿಂತಲೂ ಕೆಳಗಿನದು; ಎರಡೂ ಹೊತ್ತು ಅದೇ ಚೀಲ, ಅದೇ ಕ್ಯಾನುಗಳಿಂದ ಉಂಡವನು ನಾನೂ ಅಲ್ಲವೆ. ಗಡಿಕಲ್ಲಿನವರೆಗೆ ಓಡಿ, ಅದರ ಮೇಲೆ ಹೊಟ್ಟೆಯೊತ್ತಿ, "ಅಕ್ಕಾ, ಹಾಡಿತು!" ಎಂದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

ಹರಿದ ಕಾದಂಬರಿಗಳನ್ನು ಜೋಳಿಗೆಗೆ ತುಂಬಿದೆ. ರೊಟ್ಟಿ ಕಟ್ಟಿದ್ದ ಅರಿವೆಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಗಂಟನ್ನು ಅದರ ಮೇಲೇರಿಸಿಕೊಂಡೆ. ಎರಡು ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡು ತಾಳ ಹಾಕಿದವು, ಪಕ್ಕೆ ಶ್ರುತಿ ಹಿಡಿಯಿತು, ನಾನು ದಾರಿ ಹಿಡಿದೆ.